ತೀರ್ಪಿಗೆ ಇಟ್ಟ ಮೇಲೆ ಎಷ್ಟು ದಿನ ಕಾಯಬೇಕು?

ಕೌಟುಂಬಿಕ ನ್ಯಾಯಾಲಯದಲ್ಲಿ ನಿಮ್ಮ ವಿಚ್ಛೇದನ ಪ್ರಕರಣದ ವಾದ ಮುಗಿದು ನಾಲ್ಕು ತಿಂಗಳಾಗಿದೆ, ‘ತೀರ್ಪಿಗೆ’ ಎಂದಿಟ್ಟ ದಿನ ಐದು ಸಲ ಮುಂದೆ ಹೋಗಿದೆ, ಮಧ್ಯಂತರ ಜೀವನಾಂಶದ ಅರ್ಜಿಯೂ ಹಾಗೇ ಕೂತಿದೆ. ಇದಕ್ಕೆಲ್ಲ ಗಡುವೇ ಇಲ್ಲವೇ ಎಂದು ಕೇಳಿದ್ದೀರಿ.

ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ 1ನೇ ನಿಯಮದ ಪ್ರಕಾರ ವಿಚಾರಣೆ ಮುಗಿದ 30 ದಿನಗಳೊಳಗೆ ತೀರ್ಪು ಕೊಡಲು ನ್ಯಾಯಾಲಯ ಪ್ರಯತ್ನಿಸಬೇಕು. ಅಸಾಧಾರಣ ಕಾರಣವಿದ್ದರೂ ಸಾಮಾನ್ಯವಾಗಿ 60 ದಿನ ದಾಟಬಾರದು. ಕೌಟುಂಬಿಕ ನ್ಯಾಯಾಲಯಕ್ಕೂ ಇದು ಅನ್ವಯ. ಆದರೆ ಗಡುವು ಮೀರಿತೆಂದು ತೀರ್ಪು ಬಿದ್ದುಹೋಗುವುದಿಲ್ಲ. ಕೇಳುವವರು ಕೇಳಿದರೆ ಮಾತ್ರ ಈ ನಿಯಮಕ್ಕೆ ಜೀವ.

ಕೇಳುವ ಮೊದಲು ಆರ್ಡರ್ ಶೀಟಿನ (ಪ್ರತಿ ದಿನಾಂಕದಂದು ನ್ಯಾಯಾಲಯದಲ್ಲಿ ಏನಾಯಿತೆಂದು ಬರೆದಿಡುವ ದಾಖಲೆಯ) ದೃಢೀಕೃತ ನಕಲು ತೆಗೆಸಿ. ದಿನಗಳ ಲೆಕ್ಕ ಶುರುವಾಗುವುದು ವಿಚಾರಣೆ ಮುಗಿದ ದಿನದಿಂದ; ನೀವು ಮುಗಿಯಿತೆಂದುಕೊಂಡ ದಿನದಿಂದಲ್ಲ. ಅಲ್ಲಿ ‘ಹೆಚ್ಚಿನ ವಾದಕ್ಕೆ’ ಅಥವಾ ‘ಸ್ಪಷ್ಟೀಕರಣಕ್ಕೆ’ ಎಂದು ಬರೆದಿದ್ದರೆ, ಇಲ್ಲವೇ ಎದುರು ಪಕ್ಷದವರು ಸಾಕ್ಷ್ಯ ಮರುತೆರೆಯಲು ಅರ್ಜಿ ಹಾಕಿದ್ದರೆ, ನಿಮ್ಮ ನಾಲ್ಕು ತಿಂಗಳ ಲೆಕ್ಕ ಸರಿಹೋಗದು. ನ್ಯಾಯಾಧೀಶರ ವರ್ಗಾವಣೆ ಇದಕ್ಕಿಂತ ದೊಡ್ಡ ತೊಡಕು. ಹಿಂದಿನವರು ತೀರ್ಪು ಬರೆದಿಟ್ಟು ಹೋಗಿದ್ದರೆ ಬಂದವರು ಅದನ್ನೇ ಓದಿ ಹೇಳಬೇಕು. ಬರೆಯದೆ ಹೋಗಿದ್ದರೆ ಸಾಮಾನ್ಯವಾಗಿ ಮತ್ತೆ ವಾದ ಕೇಳಬೇಕಾಗುತ್ತದೆ.

ಶೀಟು ನಿಮ್ಮ ಪರವಾಗಿದ್ದರೆ, ವಾದ ಮುಗಿದ ದಿನ ಮತ್ತು ಮುಂದೂಡಿದ ಒಂದೊಂದು ದಿನಾಂಕವನ್ನೂ ನಮೂದಿಸಿ, ಬೇಗ ತೀರ್ಪು ಕೊಡಬೇಕೆಂದು ವಕೀಲರ ಮೂಲಕ ಮೆಮೊ (ಚಿಕ್ಕ ಲಿಖಿತ ಮನವಿ) ಸಲ್ಲಿಸಿ. ಫಲ ಕಾಣದಿದ್ದರೆ ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ಹೋಗಿ, ಇಂತಿಷ್ಟು ದಿನದೊಳಗೆ ತೀರ್ಪು ಕೊಡುವಂತೆ ನಿರ್ದೇಶನ ಕೇಳಬಹುದು. ಮೆಮೊ ಹಾಕದೆ ನೇರವಾಗಿ ಅಲ್ಲಿಗೆ ಹೋಗುವುದು ನಮಗೆ ಸರಿಕಾಣುವುದಿಲ್ಲ.

ಜೀವನಾಂಶದ ವಿಷಯದಲ್ಲಿ ನಿಮ್ಮ ಕೋಪ ನ್ಯಾಯವಾದದ್ದೇ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಂತೆ, ನೋಟಿಸು ಜಾರಿಯಾದ 60 ದಿನಗಳೊಳಗೆ ಆದಷ್ಟೂ ಆ ಅರ್ಜಿ ಇತ್ಯರ್ಥವಾಗಬೇಕು. ಬಹುಪಾಲು ಅದು ಸಿಕ್ಕಿಕೊಳ್ಳುವುದು ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರದಲ್ಲಿ (ಅಫಿಡವಿಟ್). 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಇಬ್ಬರಿಗೂ ಕಡ್ಡಾಯ ಮಾಡಿದೆ. ನಿಮ್ಮದನ್ನು ಸಲ್ಲಿಸಿದ್ದೀರಾ ನೋಡಿಕೊಳ್ಳಿ. ಈ ಅರ್ಜಿಯ ಆದೇಶವನ್ನೂ ಅದೇ ಮೆಮೊದಲ್ಲಿ ಕೇಳಿ.

ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ ಹಾಕಿ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ ಮೇಲ್ಮನವಿಗೆ 30 ದಿನ, ಹಿಂದೂ ವಿವಾಹ ಕಾಯ್ದೆಯಲ್ಲಿ 90 ದಿನ ಎಂದಿದೆ. ಮೇಲ್ಮನವಿ ಹಾಕುವುದಾದರೆ 30 ಎಂದೇ ಎಣಿಸಿಕೊಳ್ಳಿ. ಮರುಮದುವೆಯ ಯೋಚನೆಯಿದ್ದರೆ 90 ದಿನವೂ ಕಳೆಯಲಿ, ಎದುರಿನವರು ಮೇಲ್ಮನವಿ ಹಾಕಿಲ್ಲವೆಂದೂ ಖಾತ್ರಿ ಮಾಡಿಕೊಳ್ಳಿ.