ಓದುಗರ ಪ್ರಶ್ನೆ: ಕಾರ್ಲೊವಿ ವಾರಿಯ ಬಿಸಿನೀರು

ಪ್ರಶ್ನೆ: ಚೆಕ್ ದೇಶದ ಕಾರ್ಲೊವಿ ವಾರಿಗೆ ಹೋಗಿಬಂದ ನೆಂಟರು ಹಿಡಿಯಿಂದಲೇ ನೀರು ಹೀರುವ ಪಿಂಗಾಣಿ ಲೋಟ ತಂದುಕೊಟ್ಟಿದ್ದಾರೆ. ಇದು ಶೋಕೇಸಿಗೋ, ಬಳಕೆಗೋ? (ವಿರಾಜಪೇಟೆ)

ಉತ್ತರ: ಬಳಕೆಗೇ. ಹಿಡಿ ಟೊಳ್ಳು. ಅದರ ಬುಡ ಲೋಟದ ಒಳಕ್ಕೆ ತೆರೆದಿದೆ, ಮೇಲ್ತುದಿಯಲ್ಲಿ ಮೂತಿ ಇದೆ. ಅಲ್ಲಿನ ಅತಿ ಬಿಸಿಯ ಬುಗ್ಗೆ ಸುಮಾರು 72 ಡಿಗ್ರಿ ಸೆಲ್ಸಿಯಸ್. ಹಿಡಿಯೊಳಗೆ ಹಾದು ಬರುವಾಗ ನೀರು ತುಸು ಆರುತ್ತದೆ, ಖನಿಜ ಹಲ್ಲಿಗೆ ತಾಗುವುದೂ ಕಡಿಮೆ. ಚಹಾ ಕುಡಿಯಲು ಬಳಸಬೇಡಿ, ಮೂತಿಯೊಳಗೆ ಕರೆ ಕಟ್ಟಿದರೆ ತೊಳೆಯಲು ಕೈ ಹೋಗದು.

ಪ್ರಶ್ನೆ: ಆ ಊರು ಹುಟ್ಟಿದ್ದು ಹೇಗೆ? ಮೊದಲಿನಿಂದಲೂ ಅಲ್ಲಿ ನೀರು ಕುಡಿಯುತ್ತಿದ್ದರೇ? (ಮಡಿಕೇರಿ)

ಉತ್ತರ: ಜಿಂಕೆಯ ಬೆನ್ನಟ್ಟಿದ ಬೇಟೆನಾಯಿ ಬಿಸಿನೀರಿಗೆ ಬಿದ್ದು ಅರಚಿತು, ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಓಡಿಬಂದು ಬುಗ್ಗೆ ಕಂಡ ಎಂದು ಐತಿಹ್ಯ. ಕಥೆ ಚೆನ್ನಾಗಿದೆ, ದಾಖಲೆಯಲ್ಲ. ಅವನು ಊರಿಗೆ ಪಟ್ಟಣದ ಹಕ್ಕು ಕೊಟ್ಟದ್ದು 1370ರಲ್ಲಿ. ‘ವಾರಿ’ ಎಂದರೆ ನಮ್ಮ ಸಂಸ್ಕೃತದ ನೀರಲ್ಲ. ಚೆಕ್ ಭಾಷೆಯ ‘ಕುದಿಸು’ ಎಂಬ ಧಾತುವಿನಿಂದ ಬಂದ ಮಾತು. ಚಾರ್ಲ್ಸನ ಕುದಿಬುಗ್ಗೆ ಎಂದು ಓದಿಕೊಳ್ಳಿ.

ಮೊದಲು ಅಲ್ಲಿ ಮೀಯುವುದೇ ಚಿಕಿತ್ಸೆ. ದಿನಕ್ಕೆ ಹತ್ತು ಗಂಟೆವರೆಗೂ ನೀರಲ್ಲಿ ಕೂರುತ್ತಿದ್ದರು. ಚರ್ಮ ಬಿರಿದರೆ ರೋಗ ಆ ಬಿರುಕಿನಿಂದ ಹೊರಹೋಗುತ್ತದೆಂಬ ನಂಬಿಕೆ. ಕುಡಿಯಿರಿ ಎಂದು ವೈದ್ಯ ವಾಕ್ಲಾವ್ ಪಾಯರ್ 1522ರಲ್ಲಿ ಪುಸ್ತಕ ಬರೆದ. ಆಮೇಲೆ ಜನ ಇನ್ನೊಂದು ತುದಿಗೆ ಹೋದರು: ಬಿಸಿಮಾಡಿದ ಕೋಣೆಯಲ್ಲಿ ಕೂತು ದಿನಕ್ಕೆ ಹತ್ತಾರು ಲೋಟ. ಈ ನೀರಿನಲ್ಲಿ ಗ್ಲೌಬರ್ ಲವಣ, ಅಂದರೆ ಸೋಡಿಯಂ ಸಲ್ಫೇಟ್, ಧಾರಾಳ ಇದೆ. ಅದು ಭೇದಿಯ ಔಷಧಿ. ಅಷ್ಟು ಕುಡಿದವರ ಪಾಡು ಏನಾಗಿರಬೇಕೆಂದು ವಿವರಿಸಬೇಕಿಲ್ಲ.

ಇದಕ್ಕೆ ಹದ ಕಟ್ಟಿದವನು 18ನೇ ಶತಮಾನದ ವೈದ್ಯ ಡೇವಿಡ್ ಬೆಖರ್. ಕೋಣೆಯಲ್ಲಿ ಕೂರಬೇಡಿ, ಬುಗ್ಗೆಯ ಬಳಿಗೇ ಬಂದು ಕುಡಿಯಿರಿ, ಕುಡಿಯುತ್ತ ನಡೆಯಿರಿ, ಸ್ನಾನವೂ ಇರಲಿ ಎಂದ. ನನ್ನ ಮಟ್ಟಿಗೆ ಊರಿನ ಇಡೀ ಚರಿತ್ರೆ ಈ ‘ನಡೆಯಿರಿ’ ಎಂಬ ಮಾತಿನಲ್ಲಿದೆ. ರೋಗಿ ನಡೆಯಬೇಕು, ಮಳೆ ಬಂದರೂ ನಡೆಯಬೇಕು ಎಂದಾಗ ಬೇಕಾದದ್ದು ಸೂರು ಇರುವ ಉದ್ದನೆಯ ಕಂಬಸಾಲು. ನಮ್ಮ ಐನ್‌ಮನೆಯ (ಕೊಡವರ ಹಿರಿಮನೆಯ) ಕೈಯಾಲೆಯನ್ನು, ಅಂದರೆ ಮುಂಜಗಲಿಯನ್ನು, ಬೀದಿಯುದ್ದಕ್ಕೂ ಎಳೆದಂತೆ. ಯೋಸೆಫ್ ಝೀಟೆಕ್ ರೂಪಿಸಿದ ಮಿಲ್ ಕೊಲೊನೇಡ್ (1871–81) 124 ಕಂಬಗಳದ್ದು, ಅದರಡಿ 5 ಬುಗ್ಗೆಗಳಿವೆ. 1883ರ ಮಾರುಕಟ್ಟೆ ಕೊಲೊನೇಡ್ ಪೂರ್ತಿ ಕೆತ್ತನೆಯ ಮರದ್ದು. ದೊಡ್ಡ ಬುಗ್ಗೆ ವ್ರೀಡ್ಲೊ ಮೇಲಿದ್ದ ಎರಕದ ಕಬ್ಬಿಣದ ಮಂಟಪವನ್ನು 1939ರಲ್ಲಿ ಕಳಚಿದರು. ಈಗಿರುವ ಗಾಜು-ಕಾಂಕ್ರೀಟಿನ ಕಟ್ಟಡ 1975ರದ್ದು, ಕಣ್ಣಿಗೆ ಅಷ್ಟು ಹಿತವಲ್ಲ.

ಜರ್ಮನ್ ಕವಿ ಗಯಟೆ 13 ಸಲ ಬಂದ, ಕಾರ್ಲ್ ಮಾರ್ಕ್ಸ್ 1874ರಿಂದ ಸತತ ಮೂರು ವರ್ಷ ಬಂದ. ಜರ್ಮನ್ ಮಾತಿನವರೇ ತುಂಬಿದ್ದ ಊರು, ಆಗ ಹೆಸರು ಕಾರ್ಲ್ಸ್‌ಬಾಡ್; ಎರಡನೇ ಮಹಾಯುದ್ಧದ ನಂತರ ಅವರಲ್ಲಿ ಬಹುಪಾಲು ಜನರನ್ನು ಹೊರಗಟ್ಟಲಾಯಿತು. 2021ರಲ್ಲಿ ಯುನೆಸ್ಕೊ ಯುರೋಪಿನ 11 ಸ್ಪಾ ಊರುಗಳನ್ನು ಒಟ್ಟಾಗಿ ವಿಶ್ವ ಪರಂಪರೆಗೆ ಸೇರಿಸಿದಾಗ ಇದೂ ಒಂದಾಯಿತು.

ಪ್ರಶ್ನೆ: ತಲಕಾವೇರಿಯಿಂದ ತೀರ್ಥ ತಂದಿಡುವಂತೆ ಆ ನೀರನ್ನು ಬಾಟಲಿಯಲ್ಲಿ ತರಬಹುದೇ? (ಭಾಗಮಂಡಲ)

ಉತ್ತರ: ತರಬಹುದು, ಆದರೆ ಮನೆ ಮುಟ್ಟುವಾಗ ಅದು ಆ ನೀರಾಗಿ ಉಳಿದಿರುವುದಿಲ್ಲ. ವ್ರೀಡ್ಲೊ ನಿಮಿಷಕ್ಕೆ ಸುಮಾರು 2000 ಲೀಟರ್ ನೀರನ್ನು 12 ಮೀಟರ್‌ವರೆಗೆ ಚಿಮ್ಮಿಸುವುದು ಇಂಗಾಲದ ಡೈಆಕ್ಸೈಡ್ ಅನಿಲದ ಬಲದಿಂದ. ಸುಣ್ಣದಂಶವನ್ನು ಕರಗಿಸಿ ಹಿಡಿದಿರುವುದೂ ಆ ಅನಿಲವೇ. ಹೊರಬಂದೊಡನೆ ಅನಿಲ ಹಾರಿಹೋಗುತ್ತದೆ, ಸುಣ್ಣ ಕಲ್ಲಾಗಿ ಕೂರುತ್ತದೆ, ಕಬ್ಬಿಣ ಅದಕ್ಕೆ ಕಂದು ಬಣ್ಣ ಕೊಡುತ್ತದೆ. ಅಲ್ಲಿ ಮಾರುವ ‘ಕಲ್ಲಿನ ಗುಲಾಬಿ’ ಬರೀ ಕಾಗದದ ಹೂವು. ಈ ನೀರು ಸುರಿದು ಸುರಿದು ಕಲ್ಲಿನ ಹೊದಿಕೆ ಬಂದದ್ದು. ನೀರು ಸಾಗಿಸಲಾಗದೆಂದೇ ಬೆಖರ್ 1764ರಿಂದ ಅದನ್ನು ಬತ್ತಿಸಿ ಉಪ್ಪು ತೆಗೆಸಿದ. ಬಿ.ಪಿ., ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಅಲ್ಲಿ ಹೋದರೂ ವೈದ್ಯರನ್ನು ಕೇಳದೆ ಕುಡಿಯಬಾರದು, ಸೋಡಿಯಂ ಬಹಳ.

ಪ್ರಶ್ನೆ: ಕಾರ್ಲ್ಸ್‌ಬಾಡ್ ಕಾಫಿ ಪಾತ್ರೆಯಲ್ಲಿ ನಮ್ಮ ತೋಟದ ಪುಡಿ ಹಾಕಿದರೆ ನೀರು ಇಳಿಯುತ್ತಲೇ ಇಲ್ಲ. ಏಕೆ? (ಸಿದ್ದಾಪುರ)

ಉತ್ತರ: ಪುಡಿ ನುಣುಪಾಗಿದೆ, ಬಹುಶಃ ಚಿಕೋರಿಯೂ ಇದೆ. ಆ ಪಾತ್ರೆಯಲ್ಲಿ ಬಟ್ಟೆ, ಕಾಗದ ಏನೂ ಇಲ್ಲ; ಪಿಂಗಾಣಿಯದೇ ಎರಡು ಪದರದ ಜಾಲರಿ. ನಮ್ಮ ಹಿತ್ತಾಳೆ ಫಿಲ್ಟರಿನ ಪುಡಿ ಅದರ ಸಂದುಗಳಲ್ಲಿ ಕಚ್ಚಿ ಕೂರುತ್ತದೆ, ಚಿಕೋರಿ ಊದಿ ಮೆತ್ತಿಕೊಳ್ಳುತ್ತದೆ. ಚಿಕೋರಿ ಬಿಟ್ಟು ದಪ್ಪ ರವೆಯಂತೆ ತರಿ ಮಾಡಿಸಿ. ಪಾತ್ರೆಗೆ ಮೊದಲು ಬಿಸಿನೀರು ಸುರಿದು ಚೆಲ್ಲಿ, ಇಲ್ಲವಾದರೆ ಪಿಂಗಾಣಿಯೇ ಶಾಖ ಎಳೆದುಕೊಳ್ಳುತ್ತದೆ. 250 ಮಿ.ಲೀ. ನೀರಿಗೆ 15 ಗ್ರಾಂ ಪುಡಿ. ಕುದಿ ಅಡಗಿದ ನೀರನ್ನು ಮೇಲಿನ ತೂತುತಟ್ಟೆಯ ಮೂಲಕ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪವೇ ಹಾಕಿ. ಇಳಿಯುವುದು ಡಿಕಾಕ್ಷನ್ ಅಲ್ಲ, ಹಾಗೇ ಕುಡಿಯುವ ತಿಳಿ ಕಾಫಿ; ಹಾಲು ಹಾಕಿದರೆ ನೀರುನೀರಾಗುತ್ತದೆ. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ ಬೀಜ) ಇದ್ದರೆ ಅದನ್ನೇ ಬಳಸಿ, ರೊಬಸ್ಟಾ ಇದರಲ್ಲಿ ಒರಟು.

ಪ್ರಶ್ನೆ: ಕೊಡಗಿನ ಹತ್ತಿರ ಇಂಥ ಬಿಸಿಬುಗ್ಗೆ ಇದೆಯೇ? (ಸಂಪಾಜೆ)

ಉತ್ತರ: ಘಟ್ಟ ಇಳಿದು ಪುತ್ತೂರು ಕಡೆಗೆ ಹೋದರೆ ಇರ್ದೆಯ ಬೆಂದ್ರ್ ತೀರ್ಥ, ಗಂಧಕದ ವಾಸನೆಯ ನೀರು. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರೇ.