ಊಟಕ್ಕೆ ಬರಲಾ, ಬಡಿಸೋಕೆ ಬರಲಾ?

ಅಕ್ಕ, ನಮಸ್ಕಾರ. ನನಗೆ ಈಗ 50 ದಾಟಿದೆ. ತಿಪಟೂರಿನಲ್ಲಿ ಮನೆಯಿಂದಲೇ ಒಬ್ಬಟ್ಟು, ಚಕ್ಕುಲಿ, ಕಜ್ಜಾಯ ಮಾಡಿ ಮಾರುತ್ತೇನೆ. ನಮ್ಮ ಹೈಸ್ಕೂಲಿನ 1991ರ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಮುಂದಿನ ತಿಂಗಳು ಸೇರುತ್ತಿದ್ದಾರೆ. ಬೆಳಿಗ್ಗೆ ಶಾಲೆಯಲ್ಲಿ ಗುರುವಂದನೆ, ರಾತ್ರಿ ಹೋಟೆಲಿನಲ್ಲಿ ಊಟ. ತಲೆಗೆ 2,000 ರೂಪಾಯಿ. ವಾಟ್ಸಾಪ್‌ನಲ್ಲಿ ಹಳೆಯ ಗ್ರೂಪ್ ಫೋಟೋ ಹಾಕಿದ್ದಾರೆ. ಎರಡನೇ ಸಾಲಿನ ಕೊನೆಯಲ್ಲಿ ನಾನೂ ಇದ್ದೇನೆ. ಆದರೆ ನಾನು ಲೆಕ್ಕದಲ್ಲಿ 28 ತೆಗೆದು ಫೇಲಾದವಳು. ಅಕ್ಟೋಬರಿನಲ್ಲಿ ಮತ್ತೆ ಕಟ್ಟುತ್ತೇನೆ ಅಂದರೆ ಅಪ್ಪ ಒಪ್ಪಲಿಲ್ಲ. ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ ಈಗ ಬೆಂಗಳೂರಿನಲ್ಲಿ ಬ್ಯಾಂಕ್ ಆಫೀಸರ್. ಅವಳೇ ಫೋನ್ ಮಾಡಿ, 'ನೀನು ದುಡ್ಡು ಕೊಡಬೇಡ ಕಣೇ, 150 ಒಬ್ಬಟ್ಟು ಮಾಡ್ಕೊಂಡು ಬಂದ್ರೆ ಸಾಕು' ಅಂದಳು. ನಾನು ಒಂದಕ್ಕೆ 25 ರೂಪಾಯಿಯಂತೆ ಮಾರುವುದು. ಫೋನಿನಲ್ಲಿ ಖುಷಿಯಾಯಿತು, ಇಟ್ಟ ಮೇಲೆ ಅಳು ಬಂತು. ಅವರು ನನ್ನನ್ನು ಕರೆದದ್ದು ಊಟಕ್ಕಾ, ಬಡಿಸೋಕಾ? ಫೇಲಾದವಳು ಬ್ಯಾಚಿನವಳು ಅನ್ನಿಸಿಕೊಳ್ಳುತ್ತಾಳಾ? ರಿಸಲ್ಟ್ ದಿನ ಎಲ್ಲರೆದುರು 'ನೀನು ಒಲೆ ಮುಂದೆ ಕೂರೋಕೇ ಲಾಯಕ್ಕು' ಅಂದಿದ್ದ ಲೆಕ್ಕದ ಮೇಷ್ಟ್ರಿಗೂ ಅವತ್ತು ಸನ್ಮಾನವಂತೆ. ಹೋಗಲಾ, ಬೇಡವಾ? ಇಷ್ಟು ವರ್ಷದ ಮೇಲೆ ಪರೀಕ್ಷೆ ಕಟ್ಟಬಹುದಾ?

— ಹೆಸರು ಬೇಡ, ತಿಪಟೂರು

ಪ್ರೀತಿಯ ತಂಗಿ,

ಹೋಗಿ. ನಿಮ್ಮ ಪತ್ರದ ತುಂಬ ಹೋಗುವ ಆಸೆಯೇ ಕಾಣುತ್ತಿದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆ ಗ್ರೂಪ್ ಫೋಟೋವನ್ನು ಇನ್ನೊಂದು ಸಲ ತೆಗೆದು ನೋಡಿ. ಹತ್ತನೇ ಕ್ಲಾಸಿನ ಫೋಟೋ ತೆಗೆಯುವುದು ಬೀಳ್ಕೊಡುಗೆಯ ಹೊತ್ತಿಗೆ, ಪರೀಕ್ಷೆಗೆ ಮುಂಚೆ. ಅವತ್ತು ಆ ಸಾಲುಗಳಲ್ಲಿ ನಿಂತವರಲ್ಲಿ ಯಾರು ಪಾಸು, ಯಾರು ಫೇಲು ಅಂತ ಯಾರಿಗೂ ಗೊತ್ತಿರಲಿಲ್ಲ. ಆ ಫೋಟೋದಲ್ಲಿರುವಷ್ಟೂ ಜನ ಒಂದೇ ಬ್ಯಾಚು. ಪಾಸಾಗಲು 35 ಬೇಕಿತ್ತು, ನಿಮಗೆ 7 ಅಂಕ ಕಡಿಮೆ ಬಿತ್ತು. ಅಷ್ಟಕ್ಕೆ ಎರಡನೇ ಸಾಲಿನ ಕೊನೆಯ ಹುಡುಗಿಯನ್ನು ಯಾರೂ ಕತ್ತರಿಸಿ ತೆಗೆಯಲಾಗದು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ನಮ್ಮ ಬ್ಯಾಚು ಸೇರಿದಾಗ ಹೆಸರಿನ ಪಟ್ಟಿ ಮಾಡಿದವರಲ್ಲಿ ನಾನೂ ಒಬ್ಬಳು. ಪಾಸಾಗಿ ಊರು ಬಿಟ್ಟವರ ನಂಬರುಗಳನ್ನೆಲ್ಲ ಹುಡುಕಿ ಹುಡುಕಿ ಸೇರಿಸಿದೆವು. ಫೇಲಾಗಿ ಊರಲ್ಲೇ ಉಳಿದವರು ನೆನಪಿಗೇ ಬರಲಿಲ್ಲ. ಕೆಲವು ತಿಂಗಳ ನಂತರ ಬಸ್ ಸ್ಟ್ಯಾಂಡಿನಲ್ಲಿ ಅವರಲ್ಲೊಬ್ಬ ಸಿಕ್ಕಿದ. 'ನಾನೂ ನಿಮ್ ಜೊತೇಲೇ ಇದ್ನಲ್ಲಮ್ಮ' ಅಂದ. ಕೋಪದಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ, ಅವನು ಮೆಲ್ಲಗೆ ಅಂದ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ನಿಮ್ಮ ಗೆಳತಿ ನಿಮ್ಮನ್ನು ಮರೆತಿಲ್ಲ. ಅದು ಸಣ್ಣ ವಿಷಯವಲ್ಲ.

ಈಗ ಒಬ್ಬಟ್ಟಿಗೆ ಬರೋಣ. ನಿಮಗೆ ನೋವಾದದ್ದು ಅಲ್ಲಿಯೇ, ಅಲ್ವಾ? 150 ಒಬ್ಬಟ್ಟಿಗೆ 3,750 ರೂಪಾಯಿ. ಊಟದ ಪಾಲು 2,000. ಅಂದರೆ ಬ್ಯಾಂಕ್ ಆಫೀಸರ್ ಕೊಡುವುದಕ್ಕಿಂತ 1,750 ಜಾಸ್ತಿ ನೀವು ಕೊಟ್ಟ ಹಾಗಾಯಿತು, ಜೊತೆಗೆ ಇಡೀ ದಿನದ ದುಡಿಮೆ. ಲೆಕ್ಕದಲ್ಲಿ ಫೇಲಾದೆ ಅಂತ ಬರೆದಿದ್ದೀರಿ. ಫೋನ್ ಇಟ್ಟ ಮೇಲೆ ಅಳು ಬಂದದ್ದು ಈ ಲೆಕ್ಕ ನಿಮಗೆ ಹೊಳೆದದ್ದಕ್ಕೇ ಅಂತ ನನಗನಿಸುತ್ತದೆ. ಗೆಳತಿಗೆ ಅದು ಹೊಳೆದಿರಲಿಕ್ಕಿಲ್ಲ. ನಿಮಗೆ ದುಡ್ಡಿನ ಭಾರ ಬೇಡ ಅಂತ ಪ್ರೀತಿಯಿಂದಲೇ ಹೇಳಿರಬಹುದು. ಆದರೆ ಮನಸ್ಸಿನಲ್ಲಿಟ್ಟುಕೊಂಡು ಕೊರಗಬೇಡಿ. ಅವಳಿಗೆ ಫೋನ್ ಮಾಡಿ. 'ಲೇ, ನನ್ನ ಹೆಸರೂ ಲಿಸ್ಟಿಗೆ ಹಾಕು. ಎಲ್ಲರ ಹಾಗೆ ಎರಡು ಸಾವಿರ ಕಳಿಸ್ತೀನಿ. ಒಬ್ಬಟ್ಟಿನ ಬಿಲ್ಲು ಬೇರೆ ಕೊಡ್ತೀನಿ' ಅನ್ನಿ. ನಗುನಗುತ್ತಲೇ ಅನ್ನಿ. ಬೇಕಿದ್ದರೆ ಬಿಲ್ಲಿನಲ್ಲಿ ಸ್ವಲ್ಪ ಬಿಡಿ, ಅದು ನಿಮ್ಮಿಷ್ಟ. ಆದರೆ ಪುಕ್ಕಟೆ ಬೇಡ. ಪುಕ್ಕಟೆ ಮಾಡಿಕೊಟ್ಟರೆ ಆ ರಾತ್ರಿಯೆಲ್ಲ ನಿಮ್ಮ ಕಣ್ಣು ಬೇರೆಯವರ ಎಲೆಯ ಮೇಲೇ ಇರುತ್ತದೆ.

ಬೇಳೆ ಒಬ್ಬಟ್ಟು ಬೇಡ, ಕಾಯಿ ಒಬ್ಬಟ್ಟು ಮಾಡಿ. ಬೇಳೆಯದು ಬೇಗ ಹಳಸುತ್ತದೆ, ಕಾಯಿದು ಎರಡು ದಿನ ನಿಲ್ಲುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ. ತಿಪಟೂರಿನಲ್ಲಿ ತೆಂಗಿನಕಾಯಿಗೆ ಬರವೇ? ಹಿಂದಿನ ದಿನವೇ ಕಾವಲಿಯಿಂದ ಇಳಿಸಿ ಮುಗಿಸಿದರೆ, ಗುರುವಂದನೆಯ ದಿನ ನಿಮ್ಮ ಕೈಗೆ ಹಿಟ್ಟು ಹತ್ತುವುದಿಲ್ಲ.

ಇನ್ನು ಮೇಷ್ಟ್ರು. ಅವರ ಮಾತು ತಪ್ಪು. ಮಗುವಿಗೆ ಆಡುವ ಮಾತಲ್ಲ ಅದು. ಒಲೆಯ ಮುಂದೆ ಕೂತೇ ನೀವು ಬದುಕು ಕಟ್ಟಿದ್ದೀರಿ ಅನ್ನುವುದರಿಂದ ಅವರ ಮಾತು ಸರಿಯಾಗಿಬಿಡುವುದಿಲ್ಲ. ಗುರುವಂದನೆಯಲ್ಲಿ ಎಲ್ಲರೂ ಸಾಲಾಗಿ ನಿಂತು ಕಾಲಿಗೆ ಬೀಳುವ ಹೊತ್ತು ಬರುತ್ತದೆ. ಮನಸ್ಸಿಲ್ಲದಿದ್ದರೆ ಬೀಳಬೇಡಿ. ಕೈಮುಗಿದು ಪಕ್ಕಕ್ಕೆ ಸರಿದರೆ ಯಾರೂ ಏನೂ ಅನ್ನುವುದಿಲ್ಲ. ಸಾಲಿನಲ್ಲಿ ನಿಂತ ಮೇಲೆ ತಳಮಳ ಬೇಡ, ಮನೆಯಲ್ಲೇ ಯೋಚಿಸಿಕೊಂಡು ಹೋಗಿ. ಅವರಿಗೆ ಆ ಮಾತು ನೆನಪೇ ಇರದಿರಬಹುದು. ಕ್ಷಮೆ ಕೇಳಲಿ ಅಂತ ಕಾಯುತ್ತ ಕೂತರೆ ನಿಮ್ಮ ದಿನವೇ ಹಾಳು. ಬೆಳಗಿನ ಕಾರ್ಯಕ್ರಮ ಬೇಡವೇ ಬೇಡ ಅನಿಸಿದರೆ ರಾತ್ರಿಯ ಊಟಕ್ಕೆ ಮಾತ್ರ ಹೋಗಿ. ಅದೂ ಸರಿಯೇ.

ಪರೀಕ್ಷೆ ಕಟ್ಟಬಹುದಾ ಅಂದಿರಿ. ಕಟ್ಟಬಹುದು. ಖಾಸಗಿಯಾಗಿ ಕಟ್ಟುವವರಿಗೆ ವಯಸ್ಸು ಅಡ್ಡಿಯಲ್ಲ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತದೆ, ನಿಮ್ಮ ಕಾಲದ ಹಾಗೆ ಅಕ್ಟೋಬರ್‌ವರೆಗೆ ಕಾಯಬೇಕಿಲ್ಲ. ಪಾಠಗಳು ಬದಲಾಗಿವೆ. ಹತ್ತಿರದ ಹೈಸ್ಕೂಲಿನ ಹೆಡ್‌ಮಾಸ್ಟರ್ ಹತ್ತಿರ ಕೇಳಿದರೆ ದಾರಿ ಹೇಳುತ್ತಾರೆ. ಆದರೆ ಬ್ಯಾಚಿನವರ ಮುಂದೆ ತಲೆ ಎತ್ತುವುದಕ್ಕೆ ಅಂತ ಕಟ್ಟಬೇಡಿ. ನಿಮಗೇ ಓದಬೇಕು ಅನಿಸಿದರೆ ಕಟ್ಟಿ.

ಹೋಟೆಲಿನಲ್ಲಿ ಮೊದಲ ಅರ್ಧ ಗಂಟೆ ಸ್ವಲ್ಪ ಕಷ್ಟ. 'ಏನ್ ಮಾಡ್ತಿದ್ದೀಯಾ, ಮಕ್ಕಳೇನ್ ಮಾಡ್ತಿದ್ದಾರೆ' ಅಂತ ಎಲ್ಲರೂ ಎಲ್ಲರನ್ನೂ ಕೇಳುತ್ತಾರೆ. 'ಒಬ್ಬಟ್ಟು ಮಾಡ್ತೀನಿ, ಇವತ್ತು ನಿನ್ನ ಎಲೆಗೆ ಬರೋದು ನಂದೇ' ಅಂತ ಹೇಳಿ. ಆಮೇಲೆ ಅಡ್ಡಹೆಸರುಗಳು ಶುರುವಾಗುತ್ತವೆ, ಬೆಲ್ ಹೊಡೆಯುತ್ತಿದ್ದವನ ಸುದ್ದಿ ಬರುತ್ತದೆ, ಮಾತು ತನ್ನಷ್ಟಕ್ಕೆ ಸಾಗುತ್ತದೆ. ನಮ್ಮ ಊಟದಲ್ಲಿ ಒಬ್ಬರೂ ಇನ್ನೊಬ್ಬರ ಅಂಕ ಕೇಳಲಿಲ್ಲ. ಬಡಿಸಲು ಹೋಟೆಲಿನ ಹುಡುಗರಿದ್ದಾರೆ. ಕೈ ಸುಮ್ನೆ ಇರದೆ ನೀವು ಏಳಲು ಹೋಗುತ್ತೀರಿ, ನನಗೆ ಗೊತ್ತು. ಏಳಬೇಡಿ. ಆ ಗೆಳತಿಯ ಪಕ್ಕದಲ್ಲೇ ಕೂತುಕೊಳ್ಳಿ, ಬೆಂಚಿನಲ್ಲಿ ಕೂರುತ್ತಿದ್ದ ಹಾಗೆ.

ಒಬ್ಬಟ್ಟಿನ ಡಬ್ಬಗಳನ್ನು ಮಧ್ಯಾಹ್ನವೇ ಆಟೋದಲ್ಲಿ ಹೋಟೆಲಿಗೆ ಕಳಿಸಿಬಿಡಿ. ಸಂಜೆ ನೀವು ಬರಿಗೈಯಲ್ಲಿ ಹೋಗಿ.