ಪೆಟ್ಟಿಗೆಯಿಲ್ಲದ ಸ್ಪೀಕರ್‌ಗೆ ಬಾಸ್ ಬರುವುದು ಹೇಗೆ?

ಪ್ರಶ್ನೆ: 2 ಅಡಿ ಅಗಲ, 3 ಅಡಿ ಎತ್ತರದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಗಳಿಗೆ 8 ಇಂಚಿನ ಫುಲ್‌ರೇಂಜ್ (ಎಲ್ಲ ಸ್ವರಗಳನ್ನೂ ಒಂದೇ ನುಡಿಸುವ) ಸ್ಪೀಕರ್ ಕೂರಿಸಿ ಓಪನ್ ಬ್ಯಾಫಲ್, ಅಂದರೆ ಹಿಂಬದಿ ತೆರೆದ, ಪೆಟ್ಟಿಗೆಯಿಲ್ಲದ ಸ್ಪೀಕರ್ ಮಾಡಿದ್ದೇನೆ. ಹಾಡುವವರ ದನಿ ಚೆನ್ನಾಗಿದೆ, ಬಾಸ್ ಮಾತ್ರ ಇಲ್ಲ. ಮಳೆಗಾಲದಲ್ಲಿ ಹಲಗೆಯ ಅಂಚೂ ಉಬ್ಬಿದೆ.
– ಓದುಗರು, ಸೋಮವಾರಪೇಟೆ

ಉತ್ತರ: ಮೊದಲು ವೈರ್ ನೋಡಿ. ಆಂಪ್ಲಿಫೈಯರ್‌ನಿಂದ ಬಿಚ್ಚಿದ ಸ್ಪೀಕರ್ ವೈರ್‌ನ ತುದಿಗಳಿಗೆ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಪ್ಲಸ್‌ಗೆ ಪ್ಲಸ್ ತಾಗಿದಾಗ ಎರಡರ ಕೋನ್‌ಗಳೂ ಒಂದೇ ಕಡೆಗೆ ಜಿಗಿಯಬೇಕು. ಒಂದು ಉಲ್ಟಾ ಇದ್ದರೆ ಬಾಸ್ ಅಲ್ಲೇ ಸತ್ತಂತೆ.

ವೈರ್ ಸರಿಯಿದ್ದರೆ ಕಾರಣ ಹಲಗೆಯೇ. ಕೋನಿನ ಹಿಂದಿನ ಅಲೆ ಅಂಚು ಬಳಸಿ ಬಂದು ಮುಂದಿನದನ್ನು ಅಳಿಸುತ್ತದೆ. ಕೆಳಗಿನ ಸ್ವರಗಳು ಪ್ರತಿ ಆಕ್ಟೇವ್‌ಗೆ (ಆವರ್ತನ ಅರ್ಧಕ್ಕಿಳಿದಾಗಲೆಲ್ಲ) ಸುಮಾರು 6 ಡೆಸಿಬಲ್ ಇಳಿಯುತ್ತವೆ. ಎರಡೂ ಬದಿಗೆ 8 ಇಂಚಿನ ರೆಕ್ಕೆ ಹಲಗೆಗಳನ್ನು ಹಿಂದಕ್ಕೆ ಜೋಡಿಸಿ. ಗೋಡೆಯಿಂದ 3 ಅಡಿಯಾದರೂ ಈಚೆಗಿಡಿ. ಸ್ಪೀಕರಿನ ಕ್ಯೂಟಿಎಸ್ (ಕೋನಿನ ಕುಣಿತಕ್ಕೆ ಸ್ಪೀಕರೇ ಎಷ್ಟು ಕಡಿವಾಣ ಹಾಕುತ್ತದೆಂದು ತಿಳಿಸುವ ಅಂಕಿ; ಕಡಿಮೆಯಾದಷ್ಟೂ ಕಡಿವಾಣ ಬಿಗಿ) 0.7ರ ಆಸುಪಾಸಿನಲ್ಲಿರಲಿ, 0.4ಕ್ಕಿಂತ ಕಡಿಮೆಯಿದ್ದರೆ ಅದು ಪೆಟ್ಟಿಗೆಗೆ ಮಾಡಿದ್ದು, ಇಲ್ಲಿ ಸೊರಗುತ್ತದೆ. ಬಾಸ್ ನಾಬ್ ಪೂರ್ತಿ ತಿರುಗಿಸಬೇಡಿ: ತಡೆಯಲು ಪೆಟ್ಟಿಗೆಯ ಗಾಳಿಯಿಲ್ಲ, ಕೋನ್ ಮಿತಿಮೀರಿ ಓಡಿ ಕಾಯಿಲ್ ಬಡಿದುಕೊಳ್ಳುತ್ತದೆ.

ಕೊಡಗಿನ ಮಳೆಗೆ ಎಂಡಿಎಫ್ ಆಗದು. ಐಎಸ್ 710 (ನೀರು ತಾಳುವ ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಮುದ್ರೆಯ 19 ಎಂಎಂ ಪ್ಲೈವುಡ್ ತನ್ನಿ. ತೂತನ್ನು ನಟ್ಟನಡುವೆ ಕೊರೆಯದೆ ಒಂದು ಬದಿಗೆ ಸರಿಸಿ, ಅದರ ಹಿಂಬದಿಯ ಅಂಚನ್ನು ಓರೆಯಾಗಿ ಉಜ್ಜಿ. ತೂತಿನ ಒಳಗೋಡೆಗೂ ಎರಡು ಕೋಟ್ ವಾರ್ನಿಷ್ ಬೇಕು. ತೇವ ನುಗ್ಗುವುದೇ ಆ ಕೊಯ್ದ ಅಂಚಿನಿಂದ.